ಕರೆಯದೆ ಬಂದ ಕಾಗದದ ಲೆಕ್ಕ

ಬೆಳಗಿನ ವೃತ್ತಪತ್ರಿಕೆಯನ್ನು ಬಿಡಿಸಿದೊಡನೆ ಅದರ ಮಡಿಕೆಯೊಳಗಿನಿಂದ ಬಣ್ಣದ ಹಾಳೆಗಳೆರಡು ಜಾರಿ ನೆಲಕ್ಕೆ ಬೀಳುವುದನ್ನು ಕಾಣದ ಪಟ್ಟಣವಾಸಿ ಇಂದು ವಿರಳ. ಗೇಟಿನ ಪಕ್ಕದ ಟಪಾಲು ಪೆಟ್ಟಿಗೆಯ ಸ್ಥಿತಿಯೂ ಇದೇ. ಅಂಚೆಯವನು ತಂದ ಕಾಗದ ಒಂದಿದ್ದರೆ, ಯಾರೋ ತುರುಕಿಹೋದ ಕರಪತ್ರಗಳು ನಾಲ್ಕು ಇರುತ್ತವೆ. ಸೀರೆಯಂಗಡಿಯ ಆಷಾಢದ ರಿಯಾಯಿತಿ, ಊರ ಹೊರಗಿನ ನಿವೇಶನಗಳು, ನೀರಿನ ತೊಟ್ಟಿಯನ್ನು ಶುಚಿಮಾಡಿಕೊಡುವವರ ವಿಳಾಸ, ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆಯಿಲ್ಲದ ಮದ್ದು, ಮನೆಯಲ್ಲಿಯೇ ಕುಳಿತು ತಿಂಗಳಿಗೆ ಇಷ್ಟು ಸಾವಿರ ಸಂಪಾದನೆ, ಪ್ರವೇಶ ಪರೀಕ್ಷೆಗೆ ತರಬೇತಿ: ಹೀಗೆ ಜೀವನದ ಸಕಲ ಅವಶ್ಯಕತೆಗಳಿಗೂ ಒಂದೊಂದು ಹಾಳೆ. ನಾವು ಯಾರನ್ನೂ ಕೇಳಿರಲಿಲ್ಲ. ಆದರೂ ಅವು ಬಂದಿವೆ. ಬಹುಮಂದಿ ಅವುಗಳನ್ನು ಓದದೆಯೇ ಮುದುರಿ ಬುಟ್ಟಿಗೆ ಹಾಕುತ್ತಾರೆ. ಇಂಥ ತುಚ್ಛವಾದ ವಸ್ತುವಿನಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಕಲಿಯಬೇಕಾದುದೇನಿದೆ ಎಂದು ವಾಚಕರು ಕೇಳಬಹುದು. ಒಂದು ಪ್ರಸಂಗದಿಂದ ನಾವು ಉತ್ತರವನ್ನು ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ, ದ್ವಿತೀಯ ಪಿ.ಯು. ಪರೀಕ್ಷೆ ಮುಗಿಸಿದ್ದ ವಿದ್ಯಾರ್ಥಿಯೊಬ್ಬನು ಒಂದು ಕರಪತ್ರವನ್ನು ಹಿಡಿದು ನಮ್ಮ ಬಳಿಗೆ ಬಂದನು. ಪ್ರವೇಶ ಪರೀಕ್ಷೆಗೆ ಒಂದು ವರ್ಷ ತರಬೇತಿ ಕೊಡುವ ಸಂಸ್ಥೆಯೊಂದರ ಪ್ರಕಟಣೆ ಅದು. ನುಣುಪಾದ ದಪ್ಪ ಕಾಗದ. ಅದರ ಮೇಲೆ ಸಾಲುಸಾಲಾಗಿ ನಗುಮುಖದ ವಿದ್ಯಾರ್ಥಿಗಳ ಭಾವಚಿತ್ರಗಳು. ಪ್ರತಿಯೊಂದರ ಕೆಳಗೂ ಒಂದೊಂದು ಸ್ಥಾನದ ಸಂಖ್ಯೆ. ಶುಲ್ಕ ಕಟ್ಟಲು ಅವನ ತಂದೆ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದರು. "ಸಾರ್, ಅರವತ್ತು ಜನ ಪಾಸಾಗಿದ್ದಾರೆ. ಸೇರಿಕೊಳ್ಳಲೇ?" ಎಂದು ಅವನು ಕೇಳಿದನು. "ಎಷ್ಟು ಜನರಲ್ಲಿ ಅರವತ್ತು?" ಎಂದು ನಾವು ಕೇಳಿದೆವು. ಅವನು ಕರಪತ್ರದ ಎರಡು ಬದಿಗಳನ್ನೂ ತಿರುವಿ ನೋಡಿದನು. ಆ ಸಂಖ್ಯೆ ಎಲ್ಲಿಯೂ ಇರಲಿಲ್ಲ.

ಪ್ರಾಥಮಿಕ ಶಾಲೆಯಲ್ಲಿಯೇ ನಾವೆಲ್ಲ ಭಿನ್ನರಾಶಿಗಳನ್ನು ಕಲಿತಿದ್ದೇವೆ. ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಛೇದವನ್ನು ತಿಳಿಯದೆ ಅಂಶದಿಂದ ಏನನ್ನೂ ನಿರ್ಣಯಿಸಲಾಗದೆಂಬುದು ಹತ್ತು ವರ್ಷದ ಹುಡುಗನಿಗೂ ಗೊತ್ತು. ಆದರೆ ಕರೆಯದೆ ಬರುವ ಕಾಗದಗಳ ವ್ಯವಹಾರವೆಲ್ಲವೂ ಅಂಶವನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸಿ ಛೇದವನ್ನು ಅಡಗಿಸುವುದರ ಮೇಲೆಯೇ ನಿಂತಿದೆ. ಆ ಅಡಗಿದ ಛೇದವನ್ನು ಹುಡುಕುವುದು ಹೇಗೆಂಬುದೇ ಈ ಲೇಖನದ ವಿಷಯ.

ಎಸೆಯುವವರಿಗಾಗಿ ಅಲ್ಲ

ಮೊದಲನೆಯ ಪ್ರಶ್ನೆ: ಬಹುಮಂದಿ ಎಸೆದುಬಿಡುವ ವಸ್ತುವನ್ನು ಹಣ ಕೊಟ್ಟು ಅಚ್ಚುಮಾಡಿಸಿ ಹಂಚುವುದು ಮೂರ್ಖತನವಲ್ಲವೆ? ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಬ್ಬ ವ್ಯಾಪಾರಿ 10,000 ಕರಪತ್ರಗಳನ್ನು ಹಂಚಿಸುತ್ತಾನೆ. ಅಚ್ಚು, ಕಾಗದ, ಹಂಚುವ ಹುಡುಗರ ಕೂಲಿ ಎಲ್ಲವೂ ಸೇರಿ ಪ್ರತಿಯೊಂದಕ್ಕೆ ಒಂದು ರೂಪಾಯಿ ತಗಲಿತೆನ್ನೋಣ. ಐನೂರು ಮನೆಗಳಿಗೆ ಒಂದು ಮನೆಯವರು ಮಾತ್ರ ಅದನ್ನು ಓದಿ ಅಂಗಡಿಗೆ ಬಂದರು. ಅಂದರೆ ಒಟ್ಟು 20 ಗಿರಾಕಿಗಳು. ಒಬ್ಬೊಬ್ಬರಿಂದ ವ್ಯಾಪಾರಿಗೆ ಸಾವಿರ ರೂಪಾಯಿ ಲಾಭ ದೊರೆತರೆ ಬಂದುದು 20,000 ರೂಪಾಯಿ, ಹೋದುದು 10,000 ರೂಪಾಯಿ. ಉಳಿದ 9,980 ಮನೆಗಳವರು ಆ ಹಾಳೆಯನ್ನು ಬಯ್ದರೂ ಸರಿಯೆ, ಹರಿದರೂ ಸರಿಯೆ, ಅವನ ಲೆಕ್ಕಕ್ಕೆ ಅದು ಬರುವುದಿಲ್ಲ. ಹೀಗೆ ನೋಡಿದರೆ ಕರಪತ್ರವು ನಮಗಾಗಿ ಬಂದುದಲ್ಲ. ನಮ್ಮನ್ನು ದಾಟಿ ಆ ಇಪ್ಪತ್ತು ಮಂದಿಯನ್ನು ಹುಡುಕಿಕೊಂಡು ಹೊರಟದ್ದು. ಅವರ ಮನೆ ಯಾವುದೆಂದು ವ್ಯಾಪಾರಿಗೆ ತಿಳಿಯದಿರುವುದರಿಂದ ಎಲ್ಲರ ಮನೆಯನ್ನೂ ತಟ್ಟಬೇಕಾಗಿದೆ.

ಈ ಲೆಕ್ಕದಿಂದ ಒಂದು ನಿಯಮವು ಹೊರಡುತ್ತದೆ. ಒಂದು ಪ್ರತಿಯ ವೆಚ್ಚ ಇಳಿದಂತೆಲ್ಲ ಓದುವವರ ಪ್ರಮಾಣ ಎಷ್ಟು ಕಡಮೆಯಾದರೂ ವ್ಯಾಪಾರಕ್ಕೆ ನಷ್ಟವಿಲ್ಲ. ಆದುದರಿಂದ ವೆಚ್ಚ ಇಳಿದಂತೆಲ್ಲ ಬೇಡದ ಕಾಗದ ಹೆಚ್ಚುತ್ತದೆ. ಇದಕ್ಕೆ ಚರಿತ್ರೆಯೇ ಸಾಕ್ಷಿ. 1864ರಲ್ಲಿ ಲಂಡನ್ ನಗರದ ರಾಜಕಾರಣಿಗಳ ಮನೆಗಳಿಗೆ ತಂತಿ ಸಮಾಚಾರಗಳು ಬಂದುವು. ತಂತಿ ಎಂದರೆ ಅಂದು ಸಾವು, ಕಾಯಿಲೆ ಅಥವಾ ರಾಜಕಾರ್ಯ. ಗಾಬರಿಯಿಂದ ಬಿಡಿಸಿ ನೋಡಿದರೆ, ಅದು ದಂತವೈದ್ಯರು ತಮ್ಮ ಚಿಕಿತ್ಸಾಲಯದ ವೇಳೆಯನ್ನು ತಿಳಿಸುವ ಜಾಹೀರಾತು! ಸಿಟ್ಟುಗೊಂಡವರೊಬ್ಬರು 'ದಿ ಟೈಮ್ಸ್' ಪತ್ರಿಕೆಗೆ ದೂರು ಬರೆದರು. 1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟಾಧಿಕಾರಿಯೊಬ್ಬನು ಅರ್ಪಾನೆಟ್ ಎಂಬ ಗಣಕಯಂತ್ರ ಜಾಲದ ಮೂಲಕ ಸುಮಾರು 400 ಮಂದಿಗೆ ಒಂದೇ ಬಾರಿಗೆ ಪ್ರಕಟಣೆಯನ್ನು ಕಳುಹಿಸಿದನು. ತಂತಿಗೆ ಹಣ ತೆರಬೇಕಾಗಿತ್ತು. ಆದುದರಿಂದ ಅಂಥವು ವಿರಳವಾಗಿದ್ದುವು. ಗಣಕಯಂತ್ರದ ಪತ್ರಕ್ಕೆ ಬಿಡಿಯಾಗಿ ವೆಚ್ಚವೇ ಇಲ್ಲವೆನ್ನಬಹುದು. ಅದರ ಪರಿಣಾಮವು ಇಂದು ಪ್ರತಿಯೊಬ್ಬರ ದೂರವಾಣಿಯಲ್ಲಿಯೂ ಕಾಣುತ್ತಿದೆ. ಕಾಗದದ ಕರಪತ್ರ ಇವೆರಡರ ನಡುವಣದು.

ನಾಲ್ಕು ಗ್ರಾಮಿನ ಹೊರೆ

ವ್ಯಾಪಾರಿಯ ಲೆಕ್ಕದಲ್ಲಿ ಬಾರದ ಆ 9,980 ಹಾಳೆಗಳು ನಿಸರ್ಗದ ಲೆಕ್ಕದಲ್ಲಿ ಬರುತ್ತವೆ. ಅವುಗಳ ತೂಕವನ್ನು ತಕ್ಕಡಿಯಿಲ್ಲದೆಯೇ ತಿಳಿಯುವ ಸುಲಭೋಪಾಯವೊಂದಿದೆ. ನಾವು ಬಳಸುವ ಎ-4 ಹಾಳೆಯ ಅಳತೆ ಸ್ವಚ್ಛಂದವಾಗಿ ಆರಿಸಿದ್ದಲ್ಲ. ಜರ್ಮನಿಯ ಗಾಟಿಂಗೆನ್ ನಗರದಲ್ಲಿದ್ದ ಭೌತವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಲ್ಲಿ ಬರೆದ ಕಾಗದವೊಂದರಲ್ಲಿ ಒಂದು ವಿಶೇಷವನ್ನು ಗುರುತಿಸಿದ್ದನು. ಹಾಳೆಯ ಉದ್ದವು ಅಗಲದ √2 ರಷ್ಟಿದ್ದರೆ, ಅಂದರೆ ಸುಮಾರು 1.414 ರಷ್ಟಿದ್ದರೆ, ಅದನ್ನು ಅರ್ಧಕ್ಕೆ ಮಡಿಸಿದರೂ ಆಕಾರದ ಪ್ರಮಾಣ ಬದಲಾಗುವುದಿಲ್ಲ. ಈ ತತ್ತ್ವವನ್ನು ಅನುಸರಿಸಿ ಜರ್ಮನಿಯು 1922ರಲ್ಲಿ ಕಾಗದದ ಅಳತೆಗಳನ್ನು ಗೊತ್ತುಮಾಡಿತು. ಇಂದು ಬಹುತೇಕ ಜಗತ್ತು ಅವುಗಳನ್ನೇ ಬಳಸುತ್ತಿದೆ. ಎ-0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರು. ಅದನ್ನು ನಾಲ್ಕು ಬಾರಿ ಅರ್ಧ ಮಾಡಿದರೆ ಎ-4. ಆದುದರಿಂದ ಅದರ ವಿಸ್ತೀರ್ಣ ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಕಾಗದದ ಕಟ್ಟಿನ ಮೇಲೆ ಬರೆದಿರುವ 70 ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರು ಕಾಗದದ ತೂಕ 70 ಗ್ರಾಂ ಎಂಬುದನ್ನು ಸೂಚಿಸುತ್ತದೆ. 70ನ್ನು 16ರಿಂದ ಭಾಗಿಸಿದರೆ 4.375 ಗ್ರಾಂ. ಇದೇ ಸಾಧಾರಣ ಕರಪತ್ರವೊಂದರ ತೂಕ.

ನಾಲ್ಕು ಗ್ರಾಂ ಎಂದರೆ ಒಂದು ಚಮಚ ಸಕ್ಕರೆಯಷ್ಟು, ಯಾರಿಗೆ ಭಾರ? ಆದರೆ ಒಂದು ಲಕ್ಷ ಮನೆಗಳಿರುವ ನಗರದಲ್ಲಿ ದಿನಕ್ಕೆ ಮನೆಗೊಂದರಂತೆ ಇಂಥ ಹಾಳೆ ಬಂದರೆ ದಿನಕ್ಕೆ 437.5 ಕಿಲೋಗ್ರಾಂ ಆಗುವುದು. ವರ್ಷಕ್ಕೆ ಸುಮಾರು 160 ಟನ್ನು! ಹೊಳಪಿನ ದಪ್ಪ ಕಾಗದವಾದರೆ ಇದರ ಇಮ್ಮಡಿ. ಈ ರಾಶಿಯೆಲ್ಲ ಎಲ್ಲಿಯೋ ಒಂದು ಕಡೆ ಮರವಾಗಿಯೋ ಬಿದಿರಾಗಿಯೋ ಹಳೆಯ ರದ್ದಿಯಾಗಿಯೋ ಇದ್ದುದು. 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಂಪನಿಯು ಆ ಸ್ಥಳವನ್ನು ಆರಿಸಿಕೊಂಡುದಕ್ಕೆ ಉತ್ತರ ಕನ್ನಡದ ಕಾಡಿನ ಬಿದಿರೂ ಕಾಳೀ ನದಿಯ ನೀರೂ ಕಾರಣಗಳಾಗಿದ್ದುವೆಂಬುದನ್ನು ನೆನೆದರೆ, ಕಾಗದಕ್ಕೂ ಕಾಡಿಗೂ ಹೊಳೆಗೂ ಇರುವ ನಂಟು ಸ್ಪಷ್ಟವಾಗುವುದು.

ರದ್ದಿಗೆ ಹಾಕಿದರೆ ಕಾಗದ ಮತ್ತೆ ಕಾಗದವಾಗುವುದಲ್ಲವೆ? ಆಗುವುದು, ಆದರೆ ಮಿತಿಯುಂಟು. ಕಾಗದವು ಸೆಲ್ಯುಲೋಸ್ ನಾರುಗಳ ಹೆಣಿಗೆ. ಕರಪತ್ರವೊಂದನ್ನು ಮೊದಲು ಉದ್ದಕ್ಕೆ, ಬಳಿಕ ಅಡ್ಡಲಾಗಿ ಹರಿದು ನೋಡಿರಿ. ಒಂದು ದಿಕ್ಕಿನಲ್ಲಿ ಸೀಳು ನೇರವಾಗಿ ಸಾಗುವುದು, ಇನ್ನೊಂದು ದಿಕ್ಕಿನಲ್ಲಿ ಡೊಂಕಾಗುವುದು. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೆ ಸಾಲುಗೂಡುವುದೇ ಇದಕ್ಕೆ ಕಾರಣ. ರದ್ದಿಯನ್ನು ಮತ್ತೆ ನೆನೆಸಿ, ಕಡೆದು, ಹಾಳೆ ಮಾಡಿದಾಗಲೆಲ್ಲ ಈ ನಾರುಗಳು ತುಂಡಾಗುತ್ತ ದುರ್ಬಲವಾಗುತ್ತ ಹೋಗುತ್ತವೆ; ಕೆಲವು ಸುತ್ತುಗಳ ಬಳಿಕ ಅವು ಹೆಣೆದುಕೊಳ್ಳಲಾರವು. ಹರಿದ ಅಂಚಿನಲ್ಲಿ ತೆಳುವಾದ ಪಾರದರ್ಶಕ ಪೊರೆ ಜಗ್ಗಿಕೊಂಡು ಬಂದರೆ ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿದೆಯೆಂದು ತಿಳಿಯಬೇಕು. ಅಂಥ ಹಾಳೆ ನೀರಿನಲ್ಲಿ ಸುಲಭವಾಗಿ ಕರಗಿ ನಾರಾಗುವುದಿಲ್ಲ. ರದ್ದಿಯವನೂ ಅದನ್ನು ಬೇರೆ ಇಡುತ್ತಾನೆ.

ಇದೇ ಹಾಳೆಯ ಚಿತ್ರವನ್ನು ಒಂದು ಭೂತಗನ್ನಡಿಯಿಂದ ನೋಡಿರಿ. ನಗುಮುಖ ಮಾಯವಾಗಿ ಚುಕ್ಕೆಗಳ ಹೊಲ ಕಾಣುವುದು. ಹಸಿರು ಬೆರೆತ ನೀಲಿ, ನೇರಿಳೆ ಛಾಯೆಯ ಕೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳು. ಉಳಿದ ಬಣ್ಣಗಳನ್ನೆಲ್ಲ ನಮ್ಮ ಕಣ್ಣು ಕಲ್ಪಿಸಿಕೊಳ್ಳುತ್ತದೆ. ಚುಕ್ಕೆಗಳು ಬಲು ಸಣ್ಣವಾಗಿಯೂ ಒತ್ತಾಗಿಯೂ ಇರುವುದರಿಂದ ಕಣ್ಣಿಗೆ ಅವುಗಳನ್ನು ಬಿಡಿಬಿಡಿಯಾಗಿ ಕಾಣಲು ಶಕ್ತಿ ಸಾಲದು. ಅದು ಅವುಗಳನ್ನು ಕೂಡಿಸಿ ಮುಖ ಮಾಡಿಬಿಡುತ್ತದೆ. ಕಣ್ಣು ಚುಕ್ಕೆಗಳಿಂದ ಮುಖವನ್ನು ಕಟ್ಟಿಕೊಳ್ಳುವಂತೆಯೇ ಮನಸ್ಸು ಕೆಲವು ಮುಖಗಳಿಂದ ಒಂದು ನಂಬಿಕೆಯನ್ನು ಕಟ್ಟಿಕೊಳ್ಳುತ್ತದೆ. ಕಣ್ಣಿನ ತಪ್ಪಿಗೆ ಭೂತಗನ್ನಡಿ ಮದ್ದು. ಮನಸ್ಸಿನ ತಪ್ಪಿಗೆ ಗಣಿತ. ಇನ್ನು ಆ ಗಣಿತವನ್ನು ಮೂರು ಬಗೆಯ ಕಾಗದಗಳ ಮೇಲೆ ಪ್ರಯೋಗಿಸೋಣ.

ಸರಪಳಿ ಪತ್ರ

"ಈ ಪತ್ರವನ್ನು ಇಷ್ಟು ಮಂದಿಗೆ ಬರೆದು ಕಳುಹಿಸಿದರೆ ಶುಭವಾಗುವುದು, ನಿಲ್ಲಿಸಿದರೆ ಕೇಡಾಗುವುದು" ಎಂಬ ಅಂಚೆಕಾರ್ಡುಗಳು ನಮ್ಮ ನಾಡಿನ ಹಿರಿಯರಿಗೆಲ್ಲ ಪರಿಚಿತವಾದುವು. ಇವುಗಳೊಡನೆ ಹಣದ ಆಸೆಯೂ ಸೇರಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಡೆನ್ವರ್ ನಗರದಲ್ಲಿ 1935ರಲ್ಲಿ ನಡೆದುದು ಪ್ರಸಿದ್ಧವಾದ ಉದಾಹರಣೆ. ಆಗ ಅಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆಮನೆಗೂ ಒಂದು ಪತ್ರ ಬರತೊಡಗಿತು. ಅದರಲ್ಲಿ ಆರು ಹೆಸರುಗಳ ಪಟ್ಟಿ. ಮೊದಲನೆಯ ಹೆಸರಿನವನಿಗೆ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯವನ್ನು ಕಳುಹಿಸಬೇಕು; ಅವನ ಹೆಸರನ್ನು ಹೊಡೆದು ಪಟ್ಟಿಯ ಕೊನೆಗೆ ತನ್ನ ಹೆಸರನ್ನು ಸೇರಿಸಬೇಕು; ಅಂಥ ಐದು ಪ್ರತಿಗಳನ್ನು ಐದು ಮಂದಿ ಸ್ನೇಹಿತರಿಗೆ ಕಳುಹಿಸಬೇಕು. ತನ್ನ ಹೆಸರು ಮೇಲೇರಿ ಮೊದಲನೆಯ ಸ್ಥಾನಕ್ಕೆ ಬರುವ ವೇಳೆಗೆ ಪತ್ರಗಳು 5×5×5×5×5×5, ಅಂದರೆ 15,625 ಆಗಿರುತ್ತವೆ. ಒಂದೊಂದಕ್ಕೂ ಹತ್ತು ಸೆಂಟಿನಂತೆ 1,562 ಡಾಲರು 50 ಸೆಂಟು! ಡೆನ್ವರಿನ ಅಂಚೆ ಕಛೇರಿಯು ಪತ್ರಗಳ ಪ್ರವಾಹದಲ್ಲಿ ಮುಳುಗಿತು. ಗೀಳು ಬೇರೆ ನಗರಗಳಿಗೂ ಹರಡಿತು.

ಗುಣಾಕಾರದಲ್ಲಿ ತಪ್ಪೇನೂ ಇಲ್ಲ. ತಪ್ಪು ಛೇದದಲ್ಲಿದೆ. ಒಬ್ಬನಿಂದ ಹೊರಟ ಪತ್ರ ಮೊದಲನೆಯ ಹಂತದಲ್ಲಿ 5 ಮಂದಿಗೆ, ಎರಡನೆಯದರಲ್ಲಿ 25 ಮಂದಿಗೆ ತಲಪುವುದು. ಹನ್ನೊಂದನೆಯ ಹಂತದಲ್ಲಿ ಬೇಕಾಗುವ ಮಂದಿ 4,88,28,125; ಹನ್ನೆರಡನೆಯದರಲ್ಲಿ 24,41,40,625. ಆಗ ಅಮೆರಿಕದ ಒಟ್ಟು ಜನಸಂಖ್ಯೆಯೇ ಸುಮಾರು 12 ಕೋಟಿ 70 ಲಕ್ಷ! ತೊಟ್ಟಿಲ ಕೂಸುಗಳನ್ನೂ ಸೇರಿಸಿಕೊಂಡರೂ ಸರಪಳಿ ಹನ್ನೆರಡನೆಯ ಹೆಜ್ಜೆಯನ್ನು ಮುಗಿಸಲಾರದು. ಒಂದೇ ಮನೆಗೆ ಹತ್ತಾರು ಪತ್ರಗಳು ಬಂದು ಅದಕ್ಕೂ ಮೊದಲೇ ಅದು ಕಡಿದುಹೋಗುವುದು.

ಕಡಿದಾಗ ಹಣ ದೊರೆತವರೆಷ್ಟು ಮಂದಿ? ಒಬ್ಬನಿಗೆ ಹಣ ಬರಬೇಕಾದರೆ ಅವನ ಕೆಳಗೆ ಆರು ಹಂತಗಳು ಪೂರ್ಣವಾಗಬೇಕು. ಆದುದರಿಂದ ಸರಪಳಿ ಎಲ್ಲಿ ನಿಂತರೂ ಕೊನೆಯ ಆರು ಹಂತಗಳವರಿಗೆ ಒಂದು ಸೆಂಟೂ ಬರುವುದಿಲ್ಲ. ಒಂದೊಂದು ಹಂತವೂ ಹಿಂದಿನದಕ್ಕಿಂತ ಐದು ಪಾಲು ದೊಡ್ಡದಾದ ಕಾರಣ ಜನರೆಲ್ಲ ಆ ಕೊನೆಯ ಹಂತಗಳಲ್ಲಿಯೇ ಇರುತ್ತಾರೆ. ಲೆಕ್ಕ ಹಾಕಿದರೆ, ಪೂರ್ಣ ಹಣ ಪಡೆದವನು ಸುಮಾರು 15,625 ಮಂದಿಗೆ ಒಬ್ಬನು! ಪತ್ರವು ದೊರೆಯುವುದೆಂದು ಹೇಳಿದ ನಾಣ್ಯಗಳ ಸಂಖ್ಯೆಯೂ ಇದೇ. ದೊಡ್ಡ ಅಕ್ಷರದಲ್ಲಿ ಅಂಶವಾಗಿ ತೋರಿದ ಸಂಖ್ಯೆಯೇ ಛೇದವಾಗಿ ಕೆಳಗೆ ಅಡಗಿ ಕುಳಿತಿತ್ತು. ಇದರಲ್ಲಿ ಆಶ್ಚರ್ಯವಿಲ್ಲ: ಪತ್ರವು ಹಣವನ್ನು ಸೃಷ್ಟಿಸುವುದಿಲ್ಲ, ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಸಾಗಿಸುತ್ತದೆ. ಒಬ್ಬನಿಗೆ 15,625 ನಾಣ್ಯ ಬರಬೇಕಾದರೆ 15,625 ಮಂದಿ ಒಂದೊಂದು ನಾಣ್ಯವನ್ನು ಕಳೆದುಕೊಳ್ಳಬೇಕು. ಶಕ್ತಿಯ ನಿತ್ಯತ್ವ ನಿಯಮವನ್ನು ಓದಿದವರಿಗೆ ಇದು ಹೊಸತಲ್ಲ. ಏನನ್ನೂ ಉರಿಸದೆ ಸದಾ ತಿರುಗುವ ಯಂತ್ರ ಎಷ್ಟು ನಿಜವೋ, ಏನನ್ನೂ ಮಾರದೆ ಎಲ್ಲರಿಗೂ ಲಾಭ ತರುವ ಪತ್ರವೂ ಅಷ್ಟೇ ನಿಜ. ನಮ್ಮ ದೇಶದಲ್ಲಿ ಇಂಥ ಹಣದ ಸರಪಳಿಗಳನ್ನು 1978ರ ಶಾಸನವೊಂದು ನಿಷೇಧಿಸಿದೆ. ಆದರೂ "ಇಬ್ಬರನ್ನು ಸೇರಿಸಿ, ಅವರು ಇಬ್ಬರನ್ನು ಸೇರಿಸಲಿ" ಎನ್ನುವ ಕರಪತ್ರಗಳು ನಿಂತಿಲ್ಲ. ಐದಕ್ಕೆ ಬದಲಾಗಿ ಎರಡು ಬಂದಿದೆ, ಅಷ್ಟೆ.

ತಪ್ಪದ ಭವಿಷ್ಯ

ಎರಡನೆಯ ಬಗೆ ಇನ್ನೂ ಸೂಕ್ಷ್ಮವಾದುದು. ನಿಮ್ಮ ಮನೆಗೆ ಅಪರಿಚಿತನಿಂದ ಒಂದು ಕಾಗದ ಬರುವುದೆಂದು ಭಾವಿಸಿರಿ: "ಬರುವ ಭಾನುವಾರದ ಕ್ರಿಕೆಟ್ ಪಂದ್ಯದಲ್ಲಿ ಇಂಥ ತಂಡ ಗೆಲ್ಲುವುದು." ಅಂತೆಯೇ ಆಗುವುದು. ಮುಂದಿನ ವಾರ ಇನ್ನೊಂದು ಕಾಗದ, ಅದೂ ನಿಜವಾಗುವುದು. ಹೀಗೆ ಐದು ವಾರ, ಐದು ಪಂದ್ಯ, ಐದೂ ಸರಿ. ಆರನೆಯ ಕಾಗದದಲ್ಲಿ, "ಮುಂದಿನ ಪಂದ್ಯದ ಫಲಿತಾಂಶ ಬೇಕಾದರೆ ಐದು ಸಾವಿರ ರೂಪಾಯಿ ಕಳುಹಿಸಿ" ಎಂದಿರುವುದು. ಎಂಥ ಸಂದೇಹವಾದಿಗೂ ಆಗ ಮನಸ್ಸು ಅಲುಗಾಡುವುದು ಸಹಜ.

ಈಗ ಕಳುಹಿಸಿದವನ ಮನೆಗೆ ಹೋಗೋಣ. ಅವನು ಮೊದಲನೆಯ ವಾರ ಕಳುಹಿಸಿದ್ದು 3,200 ಮನೆಗಳಿಗೆ. 1,600 ಮನೆಗಳಿಗೆ ಒಂದು ತಂಡ ಗೆಲ್ಲುವುದೆಂದು, ಉಳಿದ 1,600ಕ್ಕೆ ಇನ್ನೊಂದು ತಂಡ ಗೆಲ್ಲುವುದೆಂದು. ಪಂದ್ಯ ಮುಗಿದ ಮೇಲೆ ತಪ್ಪು ಕಾಗದ ಹೋದವರನ್ನು ಅವನು ಮರೆತುಬಿಡುತ್ತಾನೆ. ಸರಿಯಾದ ಕಾಗದ ಹೋದ 1,600 ಮನೆಗಳನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. ಉಳಿಯುವ ಮನೆಗಳು ಅನುಕ್ರಮವಾಗಿ 800, 400, 200, ಕೊನೆಗೆ 100. ಈ ನೂರು ಮನೆಯವರು ಐದಕ್ಕೆ ಐದೂ ಸರಿಯಾದುದನ್ನು ಕಣ್ಣಾರೆ ಕಂಡಿದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ತಪ್ಪು ಕಾಗದ ಪಡೆದ 3,100 ಮನೆಗಳನ್ನು ಅವರು ಕಂಡಿಲ್ಲ. ಕಳುಹಿಸಿದವನಿಗೆ ಕ್ರಿಕೆಟ್ಟಿನ ಗಂಧವೂ ಬೇಡ. ಎರಡರಿಂದ ಭಾಗಿಸಲು ಬಂದರೆ ಸಾಕು. ತನ್ನ ಅನುಭವವೇ ಪ್ರಮಾಣವೆನ್ನುವವನು ಇಲ್ಲಿ ಎಚ್ಚರಗೊಳ್ಳಬೇಕು. ಅನುಭವ ನಿಜವಾಗಿದ್ದೂ ಅದರಿಂದ ತೆಗೆದ ತೀರ್ಮಾನ ಸುಳ್ಳಾಗಿರಬಹುದು.

ಮದ್ದಿನ ಕರಪತ್ರಗಳಲ್ಲಿ ಅಚ್ಚಾಗುವ ಪ್ರಶಂಸಾಪತ್ರಗಳ ಗುಟ್ಟೂ ಇದೇ. ನೂರು ಮಂದಿ ನೆಗಡಿಯವರಿಗೆ ಬರಿಯ ಸಕ್ಕರೆ ನೀರನ್ನು ಕೊಟ್ಟರೂ ಏಳೆಂಟು ದಿನಗಳಲ್ಲಿ ಅವರಲ್ಲಿ ಬಹುಮಂದಿ ಗುಣವಾಗುತ್ತಾರೆ. ಏಕೆಂದರೆ ನೆಗಡಿ ತಾನಾಗಿಯೇ ಗುಣವಾಗುವ ಕಾಯಿಲೆ. ಅವರಲ್ಲಿ ಹತ್ತು ಮಂದಿ ಕೃತಜ್ಞತೆಯಿಂದ ಕಾಗದ ಬರೆದರೆ ಕರಪತ್ರ ಸಿದ್ಧ. ಗುಣವಾಗದವನು ಕಾಗದ ಬರೆಯುವುದಿಲ್ಲ. ಬರೆದರೂ ಅದು ಅಚ್ಚಾಗುವುದಿಲ್ಲ. ಏರಿಳಿತವಿರುವ ಕೀಲುನೋವು, ಚರ್ಮದ ಕಾಯಿಲೆಗಳಲ್ಲಿಯೂ ಹೀಗೆಯೆ. ನೋವು ತೀವ್ರವಾದಾಗಲೇ ಮನುಷ್ಯನು ಹೊಸ ಮದ್ದನ್ನು ಹುಡುಕುತ್ತಾನೆ, ಬಳಿಕ ನೋವು ತಾನಾಗಿ ಇಳಿದರೂ ಕೀರ್ತಿ ಮದ್ದಿಗೆ. ಇದು ಕೇವಲ ಹಣದ ಪ್ರಶ್ನೆಯಲ್ಲ. ಕರಪತ್ರವನ್ನು ನಂಬಿ ಮಧುಮೇಹದ ಚಿಕಿತ್ಸೆಯನ್ನು ನಿಲ್ಲಿಸಿದವನು ಪ್ರಾಣವನ್ನೇ ಒತ್ತೆಯಿಟ್ಟಂತೆ. ಮಧುಮೇಹ, ಕ್ಯಾನ್ಸರ್ ಮುಂತಾದ ಗೊತ್ತಾದ ಕಾಯಿಲೆಗಳನ್ನು ಗುಣಪಡಿಸುವುದಾಗಿ ಮದ್ದಿನ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಶಾಸನವು ನಿಷೇಧಿಸಿರುವುದು ಈ ಕಾರಣದಿಂದಲೇ.

ಅರವತ್ತು ನಗುಮುಖಗಳು

ಈಗ ನಮ್ಮ ವಿದ್ಯಾರ್ಥಿಯ ಕರಪತ್ರಕ್ಕೆ ಮರಳೋಣ. ಎರಡು ತರಬೇತಿ ಸಂಸ್ಥೆಗಳಿವೆಯೆಂದುಕೊಳ್ಳೋಣ. ಒಂದರಲ್ಲಿ 200 ಮಂದಿ ಓದಿ 40 ಮಂದಿ ಆಯ್ಕೆಯಾದರು. ಇನ್ನೊಂದರಲ್ಲಿ 3,000 ಮಂದಿ ಓದಿ 60 ಮಂದಿ ಆಯ್ಕೆಯಾದರು. ಕರಪತ್ರದಲ್ಲಿ ಎರಡನೆಯದೇ ಶೋಭಿಸುವುದು. ಅಲ್ಲಿ ಮುಖಗಳು ಹೆಚ್ಚು. ಆದರೆ ಮೊದಲನೆಯದರಲ್ಲಿ ಆಯ್ಕೆಯಾದವರು ನೂರಕ್ಕೆ 20. ಎರಡನೆಯದರಲ್ಲಿ ನೂರಕ್ಕೆ 2 ಮಾತ್ರ. ಛೇದವನ್ನು ಬರೆದ ಕೂಡಲೆ ಚಿತ್ರ ತಲೆಕೆಳಗಾಗುವುದು.

ಛೇದ ತಿಳಿದರೂ ವಿಚಾರ ಮುಗಿಯುವುದಿಲ್ಲ. ಸಂಸ್ಥೆಯು ಪ್ರವೇಶಕ್ಕೆ ಮೊದಲೇ ಪರೀಕ್ಷೆಯಿಟ್ಟು ಅತ್ಯಂತ ಬುದ್ಧಿವಂತರನ್ನೇ ಆರಿಸಿಕೊಂಡಿದ್ದರೆ, ಅವರಲ್ಲಿ ಹಲವರು ಯಾರ ನೆರವೂ ಇಲ್ಲದೆ ಆಯ್ಕೆಯಾಗುತ್ತಿದ್ದರು. ಮೊದಲೇ ಕಾದ ನೀರನ್ನು ಒಲೆಯ ಮೇಲಿಟ್ಟು, ಕುದಿದುದು ತನ್ನ ಒಲೆಯ ಮಹಿಮೆಯೆಂದು ಹೇಳಿದಂತೆ. ಒಲೆಯ ಶಕ್ತಿಯನ್ನು ಅಳೆಯಬೇಕಾದರೆ ನೀರಿನ ಆರಂಭದ ಉಷ್ಣತೆ ಎಷ್ಟಿತ್ತೆಂದು ಬರೆದುಕೊಂಡಿರಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಒಬ್ಬನೇ ವಿದ್ಯಾರ್ಥಿಯ ಚಿತ್ರವು ಎರಡು ಮೂರು ಸಂಸ್ಥೆಗಳ ಕರಪತ್ರಗಳಲ್ಲಿ ಕಾಣುವುದೂ ಉಂಟು. ಒಂದರಲ್ಲಿ ವರ್ಷವೆಲ್ಲ ಓದಿದ್ದಿರಬಹುದು. ಇನ್ನೊಂದರಲ್ಲಿ ಕೆಲವು ಮಾದರಿ ಪರೀಕ್ಷೆಗಳನ್ನು ಮಾತ್ರ ಬರೆದಿರಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಇದನ್ನೇ ಗಮನಿಸಿದೆ. ಆಯ್ಕೆಯಾದ ಅಭ್ಯರ್ಥಿಯ ಚಿತ್ರವನ್ನು ಹಾಕಿದರೆ ಅವನು ಓದಿದ ತರಗತಿ ಯಾವುದು, ಅದು ಎಷ್ಟು ಕಾಲದ್ದು, ಹಣ ತೆತ್ತು ಓದಿದ್ದೋ ಅಲ್ಲವೋ ಎಂಬುದನ್ನು ಮರೆಮಾಡಬಾರದು. ಚಿತ್ರಕ್ಕೆ ಆಯ್ಕೆಯ ನಂತರ ಅವನ ಒಪ್ಪಿಗೆಯನ್ನೂ ಪಡೆದಿರಬೇಕು.

ನಮ್ಮ ಪೆಟ್ಟಿಗೆ, ನಮ್ಮ ಮಾತು

ಹಾಗಾದರೆ ಕರಪತ್ರವೇ ಕೆಟ್ಟದ್ದೆ? ಹಾಗೆ ಹೇಳುವುದು ಅನ್ಯಾಯವಾಗುವುದು. ಮಕ್ಕಳಿಗೆ ಲಸಿಕೆ ಹಾಕುವ ದಿನ, ನೀರು ನಿಲ್ಲುವ ಸಮಯ, ಬಡಾವಣೆಯ ವಾಚನಾಲಯದ ಆರಂಭ ಇವನ್ನು ತಿಳಿಸುವ ಹಾಳೆಯೂ ಕರೆಯದೆಯೇ ಬರುತ್ತದೆ. ಹೊಸದಾಗಿ ಸೈಕಲ್ ರಿಪೇರಿ ಅಂಗಡಿ ತೆರೆದ ತರುಣನಿಗೆ ಪಕ್ಕದ ಬೀದಿಗೆ ಸುದ್ದಿ ಮುಟ್ಟಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಬೆಳಗಿನ ಚಳಿಯಲ್ಲಿ ಅವನ್ನು ಹಂಚುವ ಹುಡುಗನ ಮೇಲೆ ನಮ್ಮ ಸಿಟ್ಟು ತಿರುಗುವುದೂ ಸಲ್ಲದು. ಬೇಕು ಬೇಡಗಳನ್ನು ಹೇಳುವ ಅಧಿಕಾರ ಯಾರದೆಂಬುದೇ ಮುಖ್ಯ ಪ್ರಶ್ನೆ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1970ರ ತೀರ್ಪೊಂದರಲ್ಲಿ ಈ ಅಧಿಕಾರ ಮನೆಯವನದೆಂದು ಹೇಳಿತು. ಕಳುಹಿಸುವವನ ಹಕ್ಕು ಬೇಡವೆನ್ನುವವನ ಟಪಾಲು ಪೆಟ್ಟಿಗೆಯ ಬಳಿ ಕೊನೆಗೊಳ್ಳಬೇಕೆಂಬುದು ಅದರ ಅಭಿಪ್ರಾಯ. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರವು 2018ರಲ್ಲಿ ಇನ್ನೂ ಮುಂದೆ ಹೋಯಿತು. ಅದಕ್ಕೆ ಮೊದಲು ಪೆಟ್ಟಿಗೆಯ ಮೇಲೆ 'ಬೇಡ' ಎಂಬ ಚೀಟಿಯಿಲ್ಲದಿದ್ದರೆ ಕರಪತ್ರವನ್ನು ಹಾಕಬಹುದಾಗಿತ್ತು. ಆ ಬಳಿಕ 'ಬೇಕು' ಎಂಬ ಚೀಟಿಯಿದ್ದರೆ ಮಾತ್ರ ಹಾಕಬಹುದು. ಈ ನಿಯಮದ ಮೇಲೆ ಬಂದ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ನಗರದ ಪರವಾಗಿ ತೀರ್ಪು ಕೊಟ್ಟಿತು. ನಮ್ಮಲ್ಲಿ ದೂರವಾಣಿಯ ಮೂಲಕ ಬರುವ ಜಾಹೀರಾತುಗಳು ಬೇಡವೆನ್ನಲು 1909 ಎಂಬ ಸಂಖ್ಯೆಯ ಏರ್ಪಾಟಿದೆ. ಕಾಗದದ ಮಟ್ಟಿಗೆ ನಾವೇ ಗೇಟಿಗೊಂದು ಚಿಕ್ಕ ಫಲಕ ಹಾಕಬಹುದು. ಪತ್ರಿಕೆ ಹಂಚುವವರಿಗೆ ವಿನಯದಿಂದ ಒಂದು ಮಾತು ಹೇಳಬಹುದು. ಬಂದ ಹಾಳೆಯ ಬರಿಯ ಬದಿಯಲ್ಲಿ ಲೆಕ್ಕ ಮಾಡಿ ಬಳಿಕ ಅದನ್ನು ರದ್ದಿಗೆ ಸೇರಿಸಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಹಾಳೆಯನ್ನು ಎಸೆಯುವ ಮುನ್ನ ಅಥವಾ ನಂಬುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿರಲಿ. ಎಷ್ಟರಲ್ಲಿ ಇಷ್ಟು? ಇದಿಲ್ಲದಿದ್ದರೂ ಹೀಗೆಯೇ ಆಗುತ್ತಿತ್ತೆ? ಯಾರ ಮಾತು ಇದರಲ್ಲಿ ಅಚ್ಚಾಗಿಲ್ಲ? ಪ್ರಯೋಗಶಾಲೆಯಲ್ಲಿ ವಿಜ್ಞಾನಿಯು ತನ್ನ ಫಲಿತಾಂಶವನ್ನು ಕುರಿತು ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ.

ಆ ವಿದ್ಯಾರ್ಥಿಯ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಅವನು ತಂದೆಯೊಡನೆ ಆ ಸಂಸ್ಥೆಗೆ ಹೋಗಿ, ಹೋದ ವರ್ಷ ಒಟ್ಟು ಎಷ್ಟು ಮಂದಿ ಓದಿದರೆಂದು ಕೇಳಿದನು. "ಆ ಲೆಕ್ಕ ಇಲ್ಲಿ ಇಟ್ಟಿಲ್ಲ" ಎಂಬ ಉತ್ತರ ಬಂದಿತು. ಶುಲ್ಕದ ಲೆಕ್ಕವನ್ನು ಮಾತ್ರ ಪೈಸೆಯವರೆಗೆ ಇಟ್ಟಿದ್ದರು. ತಂದೆ ಸಾಲದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು; ಮಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೂಡಿಸಿಕೊಂಡು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಓದಲು ಕುಳಿತನು. ಮರುವರ್ಷ ಅವನು ಆಯ್ಕೆಯಾದನೆ? ಅದನ್ನು ನಾವು ಇಲ್ಲಿ ಹೇಳುವುದಿಲ್ಲ. ಆಯ್ಕೆಯಾದನೆಂದರೆ ವಾಚಕರು ನಮ್ಮ ಬುದ್ಧಿವಾದವನ್ನು ಮೆಚ್ಚುವರು, ಇಲ್ಲವೆಂದರೆ ಹಳಿಯುವರು. ಎರಡೂ ತಪ್ಪು. ಒಬ್ಬನೇ ಹುಡುಗನ ಫಲಿತಾಂಶವನ್ನು ಮುಂದಿಟ್ಟು ನಮ್ಮ ಮಾತನ್ನು ಸಾಧಿಸಹೊರಟರೆ, ಆ ಕರಪತ್ರ ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುವುದು.